ಟಿಕ್ಯೂಡಿಎಂ: ಸಾಲ್ವರ್ ಎಲ್ಲಿಗೆ ಬಂತು ಅಂತ ಹೇಳುತ್ತದೆ, ಯಾವಾಗ ಮುಗಿಯುತ್ತೆ ಅಂತ ಕೇಳಬೇಡಿ

ಟಿಕ್ಯೂಡಿಎಂ ಪೈಥಾನ್‌ನ ಪ್ರೋಗ್ರೆಸ್ ಬಾರ್, ಅಂದರೆ ಕೆಲಸ ಎಷ್ಟಾಯಿತು ಅಂತ ತೋರಿಸುವ ಪಟ್ಟಿ. ಪುಕ್ಕಟೆ, ಓಪನ್ ಸೋರ್ಸ್, ಫಾರ್ ಲೂಪ್‌ಗೆ ಸುತ್ತಿಬಿಟ್ಟರೆ ಕೆಲಸ ಶುರು. ಅಷ್ಟರ ಮಟ್ಟಿಗೆ ಅದನ್ನು ಎಲ್ಲರೂ ಹೊಗಳಿದ್ದಾರೆ, ನಾನು ಸೇರಿಸುವುದು ಏನೂ ಇಲ್ಲ. ನಾನು ಹೇಳಲು ಹೊರಟಿರುವುದು ಗಂಟೆಗಟ್ಟಲೆ ಓಡುವ ಡಿಫರೆನ್ಷಿಯಲ್ ಈಕ್ವೇಷನ್ ಸಾಲ್ವರ್‌ಗೆ ಇದನ್ನು ಕಟ್ಟಿದರೆ ಏನಾಗುತ್ತದೆ ಅನ್ನುವುದನ್ನು.

ಪೈಥಾನ್‌ನ ಲೆಕ್ಕದ ಲೈಬ್ರರಿ ಸೈಪೈ, ಅದರಲ್ಲಿ ಇಂಥ ಸಮೀಕರಣ ಬಿಡಿಸುವ ಫಂಕ್ಷನ್ ಸಾಲ್ವ್_ಐವಿಪಿ. ಅದು ಒಮ್ಮೆ ಓಡಲು ಶುರುವಾದರೆ ಮುಗಿಯುವ ತನಕ ತುಟಿ ಬಿಚ್ಚುವುದಿಲ್ಲ. ನಡುನಡುವೆ ಕರೆಯಲಿ ಅಂತ ನಮ್ಮದೊಂದು ಫಂಕ್ಷನ್, ಅಂದರೆ ಕಾಲ್‌ಬ್ಯಾಕ್ ಕೊಡೋಣ ಅಂದರೆ ಅದಕ್ಕೆ ಜಾಗವೇ ಇಲ್ಲ. ಅರ್ಧ ದಾರಿ ಬಂದಿದೆಯೋ, ಶುರುವಿನಲ್ಲೇ ಸಿಕ್ಕಿಹಾಕಿಕೊಂಡಿದೆಯೋ, ನಿಲ್ಲಿಸಬೇಕೋ ಬಿಡಬೇಕೋ, ಏನೂ ತಿಳಿಯದೆ ಕರ್ಸರ್ ನೋಡುತ್ತಾ ಕೂರಬೇಕು. ಮ್ಯಾಟ್‌ಲ್ಯಾಬ್‌ನವರಿಗೆ ಓಡಿಸೆಟ್‌ನಲ್ಲಿ ಔಟ್‌ಪುಟ್ ಫಂಕ್ಷನ್ ಇದೆ. ಜೂಲಿಯಾದಲ್ಲಿ ಪ್ರೋಗ್ರೆಸ್ ಅನ್ನುವ ಆಯ್ಕೆಯನ್ನು ಆನ್ ಮಾಡಿದರೆ ಸಾಕು, ಬಾರ್ ಬರುತ್ತದೆ. ಪೈಥಾನ್‌ನಲ್ಲಿ ನಾವೇ ಕಟ್ಟಿಕೊಳ್ಳಬೇಕು.

ಹೆಚ್ಚಿನವರು ಬಾರನ್ನು ಸಮೀಕರಣದ ಬಲಭಾಗ ಲೆಕ್ಕ ಹಾಕುವ ಫಂಕ್ಷನ್ ಒಳಗೆ ತುರುಕುತ್ತಾರೆ. ಸುಲಭ ನಿಜ, ಆದರೆ ಬಾರ್ ಕುಣಿಯುತ್ತದೆ. ಆರ್‌ಕೆ45 ಅನ್ನುವ ವಿಧಾನ ಒಂದು ಹೆಜ್ಜೆ ಇಡಲು, ಅಂದರೆ ಕಾಲದಲ್ಲಿ ಒಂದಿಷ್ಟು ಮುಂದೆ ಹೋಗಲು, ಆ ಫಂಕ್ಷನ್ನನ್ನು 6 ಸಲ ಕರೆಯುತ್ತದೆ, ಅದೂ ಹೆಜ್ಜೆಯ ನಡುವಿನ ಬೇರೆ ಬೇರೆ ಕಾಲಗಳಲ್ಲಿ. ತಪ್ಪಿನ ಅಂದಾಜು ಜಾಸ್ತಿ ಬಂದರೆ ಆ ಹೆಜ್ಜೆಯನ್ನೇ ಬಿಸಾಕಿ ಹಿಂದಿನ ಕಾಲದಿಂದ ಮತ್ತೆ ಶುರು ಮಾಡುತ್ತದೆ. ರಾಡೌ ಅನ್ನುವ ಇನ್ನೊಂದು ವಿಧಾನ ಆದರಂತೂ ಊಹೆಯನ್ನು ತಿದ್ದುತ್ತಾ ಹೋಗುವ ನ್ಯೂಟನ್ ಸುತ್ತುಗಳಲ್ಲಿ ಅದೇ ಮೂರು ಕಾಲಗಳಿಗೆ ಮತ್ತೆ ಮತ್ತೆ ಹೋಗಿ ಬರುತ್ತದೆ, ಜಾಕೋಬಿಯನ್ (ಬಲಭಾಗದ ಡೆರಿವೇಟಿವ್‌ಗಳ ಮ್ಯಾಟ್ರಿಕ್ಸ್) ನೀವು ಕೊಡದಿದ್ದರೆ ಅದನ್ನು ಅಂದಾಜು ಮಾಡಲು ನಿಂತ ಜಾಗದಲ್ಲೇ ಇನ್ನಷ್ಟು ಸಲ ಕರೆಯುತ್ತದೆ. ಇದೆಲ್ಲ ಬಾರ್‌ಗೆ ಹೋದರೆ ಅದು ತೋರಿಸುವ ವೇಗಕ್ಕೆ ಅರ್ಥವಿಲ್ಲ.

ಸರಿಯಾದ ಜಾಗ ಹೆಜ್ಜೆಯ ಕೊನೆ. ಸಾಲ್ವ್_ಐವಿಪಿ ಬಿಟ್ಟು ಅದರ ಒಳಗಿರುವ ಆರ್‌ಕೆ45 ಅಥವಾ ರಾಡೌ ಕ್ಲಾಸನ್ನೇ ನೇರವಾಗಿ ತಗೊಳ್ಳಿ. ಸ್ಟೇಟಸ್ 'ರನಿಂಗ್' ಇರುವ ತನಕ ಸ್ಟೆಪ್ ಕರೆಯುವ ಒಂದು ವೈಲ್ ಲೂಪ್ ಬರೆಯಿರಿ. ಹೊಸ ಕಾಲದಿಂದ ಹಳೆಯ ಕಾಲ ಕಳೆದು ಬಂದದ್ದನ್ನು ಬಾರ್‌ನ ಅಪ್‌ಡೇಟ್‌ಗೆ ಕೊಡಿ. ಬಿಸಾಕಿದ ಹೆಜ್ಜೆಗಳು ಸ್ಟೆಪ್ ಒಳಗೇ ಮುಗಿದುಹೋಗುವುದರಿಂದ ಬಾರ್ ಮುಂದಕ್ಕೆ ಮಾತ್ರ ಹೋಗುತ್ತದೆ. ಟಿಕ್ಯೂಡಿಎಂಗೆ ದಶಮಾಂಶ ಸಂಖ್ಯೆ ಕೊಟ್ಟರೂ ತಕರಾರಿಲ್ಲ, ಬಾರ್_ಫಾರ್ಮ್ಯಾಟ್ ಒಂದನ್ನು ಸರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಪಾಯಿಂಟ್ ಆದಮೇಲೆ ಹನುಮಂತನ ಬಾಲದ ಹಾಗೆ ಅಂಕಿಗಳು ಬರುತ್ತವೆ.

ಇಷ್ಟು ಮಾಡಿದ ಮೇಲೂ ಉಳಿದಿರುವ ಸಮಯ ಅಂತ ಅದು ತೋರಿಸುತ್ತದಲ್ಲ, ಅದನ್ನು ನಂಬಬೇಡಿ. ವ್ಯಾನ್ ಡರ್ ಪೋಲ್ ಸಮೀಕರಣವನ್ನೇ ತಗೊಳ್ಳಿ, ಅದರ ಸ್ಥಿರಾಂಕ ಮ್ಯೂ 1000, ಆರಂಭದ ಬೆಲೆ 2, ಕಾಲ 0ಯಿಂದ 3000. ರಾಡೌನಲ್ಲಿ ಬಾರ್ 27 ಪರ್ಸೆಂಟ್‌ವರೆಗೆ ಸರ್ರನೆ ಓಡುತ್ತದೆ. ಕಾಲ ಸುಮಾರು 807 ಆದಾಗ ಉತ್ತರ ಒಂದೇ ಏಟಿಗೆ ಮೇಲಿಂದ ಕೆಳಗೆ ಜಿಗಿಯುತ್ತದೆ, ಆ ಜಿಗಿತ ದಾಟಲು ಸಾಲ್ವರ್ ಹೆಜ್ಜೆಯನ್ನು ತೀರಾ ಚಿಕ್ಕದು ಮಾಡುತ್ತದೆ, ಬಾರ್ ಅಲ್ಲೇ ನಿಲ್ಲುತ್ತದೆ, ಆಮೇಲೆ ಮತ್ತೆ ಓಟ. ಈ ಸಮೀಕರಣ ಚಿಕ್ಕದು, ರಾಡೌ ಬೇಗ ಮುಗಿಸುತ್ತದೆ, ಕಣ್ಣಿಗೆ ಬೀಳುವುದೂ ಕಷ್ಟ. ಇದೇ ಸ್ವಭಾವದ ದೊಡ್ಡ ಮಾದರಿ ಇದ್ದರೆ ಮಾತ್ರ "ಇನ್ನು 4 ನಿಮಿಷ" ಅಂತ ತೋರಿಸುತ್ತಾ ತೋರಿಸುತ್ತಾ ರಾತ್ರಿ ಕಳೆಯುತ್ತದೆ. ಇದು ಟಿಕ್ಯೂಡಿಎಂ ತಪ್ಪಲ್ಲ. ಹಿಂದಿನ ವೇಗ ನೋಡಿ ಮುಂದಿನದನ್ನು ಊಹಿಸುವುದಷ್ಟೇ ಅದಕ್ಕೆ ಗೊತ್ತು.

ಹಾಗಾಗಿ ನಾನು ಪರ್ಸೆಂಟ್ ನೋಡುವುದು ಕಡಿಮೆ. ಬಾರ್‌ನ ಬಾಲಕ್ಕೆ ಹೆಜ್ಜೆಯ ಅಳತೆ ಹಾಕಿಕೊಳ್ಳುತ್ತೇನೆ, ಅದು ನಿಜವಾದ ಸುದ್ದಿ ಕೊಡುತ್ತದೆ. ಮೇಲಿನ ಸಮೀಕರಣವನ್ನೇ ಆರ್‌ಕೆ45ಗೆ ಕೊಟ್ಟು ನೋಡಿ, ಉತ್ತರ ನೆಟ್ಟಗೆ ನಿಧಾನವಾಗಿ ಸಾಗುತ್ತಿದ್ದರೂ ಹೆಜ್ಜೆ ಮೊದಮೊದಲು 0.001ರ ಆಸುಪಾಸಿನಲ್ಲೇ ಒದ್ದಾಡುತ್ತದೆ, ಟಾಲರೆನ್ಸ್ (ಎಷ್ಟು ತಪ್ಪು ನಡೆಯುತ್ತದೆ ಅನ್ನುವ ಮಿತಿ) ಸಡಿಲ ಮಾಡಿದರೂ ಅಷ್ಟೇ. ಅಂದರೆ ಸಮೀಕರಣ ಸ್ಟಿಫ್, ಹೆಜ್ಜೆಯನ್ನು ತಡೆಯುತ್ತಿರುವುದು ಬೇಕಾದ ನಿಖರತೆಯಲ್ಲ, ಸ್ಥಿರತೆಯ ಮಿತಿ, ಅದನ್ನು ದಾಟಿದರೆ ಲೆಕ್ಕ ಕೈತಪ್ಪುತ್ತದೆ. ಕಾಯುವುದು ದಂಡ, ನಿಲ್ಲಿಸಿ ಸಾಲ್ವರ್ ಬದಲಾಯಿಸಿ. ಈ ಒಂದು ಅಂಕಿ ಉಳಿಸುವಷ್ಟು ಸಮಯವನ್ನು ಬೇರೆ ಯಾವ ಬಾರೂ ಉಳಿಸುವುದಿಲ್ಲ.

ಇನ್ನು ಕಿರಿಕಿರಿ. ಬಾರ್‌ನ ಬಾಲಕ್ಕೆ ಬರೆಯುವ ಸೆಟ್_ಪೋಸ್ಟ್‌ಫಿಕ್ಸ್ ಕರೆದಾಗಲೆಲ್ಲ ಬಾರ್ ಮತ್ತೆ ಪ್ರಿಂಟ್ ಆಗುತ್ತದೆ, ಡಿಫಾಲ್ಟೇ ಹಾಗೆ. ಲಕ್ಷಗಟ್ಟಲೆ ಹೆಜ್ಜೆ ಇದ್ದರೆ ಲೆಕ್ಕಕ್ಕಿಂತ ಪ್ರಿಂಟಿಗೇ ಹೊತ್ತು ಹೋಗುತ್ತದೆ, ಅದರ ರಿಫ್ರೆಶ್ ಆಯ್ಕೆಯನ್ನು ಫಾಲ್ಸ್ ಮಾಡಿ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಪ್ರಿಂಟ್ ಕಡಿಮೆ ಮಾಡಲು ಮಿನಿಟರ್ಸ್ ಅನ್ನುವ ಅಳತೆಯನ್ನು (ಬಾರ್ ಎಷ್ಟು ಮುಂದೆ ಹೋದಮೇಲೆ ಮತ್ತೆ ಪ್ರಿಂಟ್ ಮಾಡಬೇಕು ಅನ್ನುವುದನ್ನು) ಟಿಕ್ಯೂಡಿಎಂ ಸದ್ದಿಲ್ಲದೆ ತಾನೇ ಹೊಂದಿಸಿಕೊಳ್ಳುತ್ತದೆ. ದೊಡ್ಡ ಹೆಜ್ಜೆಗಳಿಗೆ ಒಗ್ಗಿಕೊಂಡ ಮೇಲೆ ಹೆಜ್ಜೆ ಚಿಕ್ಕದಾದರೆ ಬಾರ್ ಹೆಪ್ಪುಗಟ್ಟಿದ ಹಾಗೆ ಕಾಣುತ್ತದೆ, 10 ಸೆಕೆಂಡಿಗೊಮ್ಮೆ ಕಾವಲು ಥ್ರೆಡ್ ಬಂದು ಎಬ್ಬಿಸಬೇಕು. ನಾವು ನೋಡಬೇಕಾದ ಹೊತ್ತಲ್ಲೇ ಹೀಗೆ ಮಾಡಿದರೆ ಹೇಗೆ ಅಲ್ವಾ? ಮಿನಿಟರ್ಸ್ 0 ಅಂತ ನೀವೇ ಕೊಟ್ಟುಬಿಡಿ. ಸರ್ವರ್ ಮೇಲೆ ಓಡಿಸಿ ಲಾಗ್ ಫೈಲಿಗೆ ಬರೆಸುವುದಾದರೆ ಎರಡು ಪ್ರಿಂಟ್‌ಗಳ ನಡುವಿನ ಕನಿಷ್ಠ ಹೊತ್ತು ಮಿನ್‌ಇಂಟರ್ವಲ್ ಅನ್ನು 60 ಮಾಡಿ, ಡಿಫಾಲ್ಟ್ 0.1 ಸೆಕೆಂಡ್ ಬಿಟ್ಟರೆ ಲಾಗ್ ತೆರೆಯಲು ಬರುವ ಸ್ಥಿತಿಯಲ್ಲಿ ಇರುವುದಿಲ್ಲ.

ಒಂದೊಂದು ಹೆಜ್ಜೆಯೇ ಹತ್ತಾರು ನಿಮಿಷ ತಗೊಳ್ಳುವ ದೊಡ್ಡ ಇಂಪ್ಲಿಸಿಟ್ (ರಾಡೌ ತರಹದ) ಲೆಕ್ಕಗಳಲ್ಲಿ ಇದು ಸುಮ್ನೆ ಅಲಂಕಾರ. ಅಲ್ಲಿ ಸಾಲ್ವರ್‌ನ ಎನ್‌ಎಫ್‌ಇವಿ (ಬಲಭಾಗವನ್ನು ಎಷ್ಟು ಸಲ ಕರೆಯಿತು), ಎನ್‌ಎಲ್‌ಯು (ಮ್ಯಾಟ್ರಿಕ್ಸನ್ನು ಎಷ್ಟು ಸಲ ಬಿಡಿಸಿತು) ಎಣಿಕೆಗಳು ಏರುತ್ತಿವೆಯಾ ಅಂತ ಬೇರೆಯಾಗಿ ನೋಡಬೇಕು.

ಐದಕ್ಕೆ ನಾಲ್ಕು ಸ್ಟಾರ್, ಕಳೆದ ಒಂದು ಆ ಮಿನಿಟರ್ಸ್‌ಗೆ. ಲೂಪ್ ನಾವೇ ಬರೆದದ್ದಕ್ಕೆ ಸಾಲ್ವ್_ಐವಿಪಿಯ ಇವೆಂಟ್ಸ್ (ಏನಾದರೂ ಘಟಿಸಿದ ಕಾಲ ಹಿಡಿಯುವುದು), ಟಿ_ಇವಾಲ್ (ಬೇಕಾದ ಕಾಲಗಳಲ್ಲಿ ಉತ್ತರ ಕೊಡುವುದು) ಎರಡೂ ಕೈಬಿಡುತ್ತವೆ, ಹೆಜ್ಜೆಯ ನಡುವಿನ ಉತ್ತರ ಕೊಡುವ ಡೆನ್ಸ್ ಔಟ್‌ಪುಟ್ ಹಿಡಿದು ಅವನ್ನು ನಾವೇ ಮಾಡಿಕೊಳ್ಳಬೇಕು. ಬದಲಿಗೆ ಮಧ್ಯದಲ್ಲಿ ಕಂಟ್ರೋಲ್-ಸಿ ಒತ್ತಿದರೂ ಲೂಪ್‌ನಲ್ಲಿ ಹೆಜ್ಜೆಹೆಜ್ಜೆಗೂ ಉತ್ತರವನ್ನು ಒಂದು ಲಿಸ್ಟ್‌ಗೆ ಹಾಕಿಕೊಂಡಿದ್ದರೆ ಅಲ್ಲಿಯವರೆಗಿನದು ಅದರಲ್ಲಿ ಉಳಿದಿರುತ್ತದೆ. ಸಾಲ್ವ್_ಐವಿಪಿಯನ್ನು ಹಾಗೆ ನಿಲ್ಲಿಸಿದರೆ ಕೈಗೆ ಏನೂ ಸಿಗುವುದಿಲ್ಲ.