ರಾತ್ರಿ ಗಲಾಟೆಗೆ ಮಾತ್ರೆಯೋ, ಆರೈಕೆಯೋ?

ಶಿವಮೊಗ್ಗದಲ್ಲಿ ವೃದ್ಧಾಶ್ರಮ ಹುಡುಕುವಾಗ ರೂಮು, ಊಟ, ಫೀಸು ಎಲ್ಲ ವಿಚಾರಿಸುತ್ತೇವೆ. ಮರೆವಿನ ಕಾಯಿಲೆ (ಡಿಮೆನ್ಷಿಯಾ) ಇರುವವರು ರಾತ್ರಿ ಕೂಗಾಡಿದರೆ ಏನು ಮಾಡ್ತೀರಿ ಅಂತ ಕೇಳುವವರು ಕಡಿಮೆ. ಉತ್ತರ ಎರಡು ಥರ ಬರುತ್ತದೆ.

"ಮಾತ್ರೆ ಕೊಟ್ಟರೆ ಸುಮ್ನೆ ಮಲಗ್ತಾರೆ" ಎನ್ನುವುದು ಒಂದು. ಮಾನಸಿಕ ಕಾಯಿಲೆಗೆ ಕೊಡುವ ಕ್ವೆಟಿಯಾಪಿನ್, ರಿಸ್ಪೆರಿಡೋನ್, ಇಲ್ಲವೇ ಮಂಪರು ತರಿಸುವ ಕ್ಲೋನಾಜೆಪಾಮ್. ಕೆಲಸದವರು ಕಡಿಮೆ ಇದ್ದರೂ ನಡೆಯುತ್ತದೆ, ನಿಜ. ಆದರೆ ಮೊದಲೆರಡರ ಜಾತಿಯ ಔಷಧಿಗಳು ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿತ್ತು. 2008ರಲ್ಲಿ ಹ್ಯಾಲೋಪೆರಿಡಾಲ್‌ನಂಥ ಹಳೆಯ ಔಷಧಿಗಳನ್ನೂ ಆ ಎಚ್ಚರಿಕೆಗೆ ಸೇರಿಸಿತು. ಕ್ಲೋನಾಜೆಪಾಮ್ ಮಂಪರಿನಲ್ಲಿ ಬಚ್ಚಲಿಗೆ ಎದ್ದವರಿಗೆ ಮಳೆಗಾಲದ ಒದ್ದೆ ನೆಲ ಸಾಕು, ಸೊಂಟ ಮುರಿಯುತ್ತದೆ.

"ಮೊದಲು ಕಾರಣ ಹುಡುಕ್ತೀವಿ" ಎನ್ನುವುದು ಇನ್ನೊಂದು. ಮೂತ್ರದ ಸೋಂಕು, ಮಲಬದ್ಧತೆ, ಹೇಳಲಾಗದ ನೋವು, ಬ್ಯಾಟರಿ ಮುಗಿದ ಕಿವಿಯ ಮಷಿನ್. ಮಲೆನಾಡಿನ ಜುಲೈನಲ್ಲಿ ಮಳೆಮೋಡಕ್ಕೆ ಸಂಜೆ ನಾಲ್ಕಕ್ಕೇ ಕತ್ತಲು ಕವಿದಂತಾಗುತ್ತದೆ, ಆಗಲೇ ದೀಪ ಹಾಕಬೇಕು. ಹಗಲು ಜಗುಲಿಯಲ್ಲಿ ಎರಡು ಸುತ್ತು ನಡೆಸಿ, ಕೈಗೆ ಬಿಡಿಸಲು ಅವರೆಕಾಯಿ ಕೊಟ್ಟರೂ ಆದೀತು. ಇದಕ್ಕೆ ಜನ ಬೇಕು, ಹಾಗಾಗಿ ಫೀಸೂ ಜಾಸ್ತಿ.

ನನ್ನ ಆಯ್ಕೆ ಎರಡನೆಯದು. ಹಾಗಂತ ಮಾತ್ರೆಯೇ ಬೇಡ ಎನ್ನುವ ಆಶ್ರಮವನ್ನೂ ನಂಬುವುದಿಲ್ಲ. ಇಲ್ಲದ್ದು ಕಂಡು ನಡುಗುವವರಿಗೆ, ಹೊಡೆಯಲು ಬರುವವರಿಗೆ ಕಡಿಮೆ ಡೋಸ್ ಸ್ವಲ್ಪ ಕಾಲ ಬೇಕಾಗಬಹುದು. ಹಳೆಯ ಮಾನಸಿಕ ಕಾಯಿಲೆಗೆ ತೆಗೆದುಕೊಳ್ಳುತ್ತಿದ್ದರೆ ಏಕಾಏಕಿ ನಿಲ್ಲಿಸಲೇಬಾರದು.

ಸೇರಿಸುವ ಮುನ್ನ ಔಷಧಿ ಚೀಟಿ ಕೇಳಿ: ಬರೆದವರು ಯಾರು, ಯಾಕೆ, ಮತ್ತೆ ಪರೀಕ್ಷೆ ಯಾವಾಗ?