ಜೈಲಿನ ಬದಲು ಚಿಕಿತ್ಸೆ: ಅಮೆರಿಕದ ಒಂದು ಕೌಂಟಿಯ ಡ್ರಗ್ ಕೋರ್ಟ್ ಸೇವೆ ಹೇಗಿದೆ

ಮಾದಕ ವಸ್ತುವಿನ ಪ್ರಕರಣದಲ್ಲಿ ಸಿಕ್ಕಿಬಿದ್ದವರನ್ನು ಜೈಲಿಗೆ ಕಳಿಸುವ ಬದಲು ನ್ಯಾಯಾಧೀಶರ ಉಸ್ತುವಾರಿಯಲ್ಲಿ ಚಿಕಿತ್ಸೆಗೆ ಒಳಪಡಿಸುವ ‘ಡ್ರಗ್ ಕೋರ್ಟ್’ ವ್ಯವಸ್ಥೆ ಅಮೆರಿಕದಲ್ಲಿ 1989ರಲ್ಲಿ ಫ್ಲಾರಿಡಾದ ಮಯಾಮಿಯಿಂದ ಆರಂಭವಾಯಿತು. ಮಾನಸಿಕ ಕಾಯಿಲೆಯಿರುವ ಆರೋಪಿಗಳಿಗಾಗಿ ಇದೇ ಮಾದರಿಯ ನ್ಯಾಯಾಲಯವನ್ನು 1997ರಲ್ಲಿ ಅದೇ ರಾಜ್ಯದ ಬ್ರೋವರ್ಡ್ ಕೌಂಟಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ತೆರೆಯಿತು. ಇಂದು ಆ ದೇಶದಲ್ಲಿ ಇಂಥ ಚಿಕಿತ್ಸಾ ನ್ಯಾಯಾಲಯಗಳು ಸಾವಿರಾರು ಇವೆ. ಅವುಗಳಲ್ಲಿ ಒಂದರ ಮೂಲಕ ನನ್ನ ತಂಗಿಯ ಮಗ ಓಪಿಯಾಯ್ಡ್ (ಹೆರಾಯಿನ್, ಮಾರ್ಫಿನ್‌ನಂಥ ಅಫೀಮು ಗುಂಪಿನ ವಸ್ತುಗಳು) ವ್ಯಸನಕ್ಕೂ ಖಿನ್ನತೆಗೂ ಚಿಕಿತ್ಸೆ ಪಡೆದ. ಅವನ ಜೊತೆ ನ್ಯಾಯಾಲಯಕ್ಕೂ ಕ್ಲಿನಿಕ್ಕಿಗೂ ಓಡಾಡಿದವನು ನಾನು. ಅವನ ಒಪ್ಪಿಗೆ ಪಡೆದು ಈ ವಿಮರ್ಶೆ ಬರೆಯುತ್ತಿದ್ದೇನೆ. ಕೌಂಟಿಯ ಹೆಸರನ್ನೂ ಕ್ಲಿನಿಕ್ಕಿನ ಹೆಸರನ್ನೂ ಅವನ ಗುರುತು ಸಿಗಬಾರದೆಂದು ಬಿಟ್ಟಿದ್ದೇನೆ.

ಇಂಥ ಸೇವೆಯ ಬಗ್ಗೆ ಕೇಳಿದಾಗ ಎಲ್ಲರೂ ಮೊದಲು ಹೇಳುವುದು ಕೊನೆಯಲ್ಲಿ ನಡೆಯುವ ಸಮಾರಂಭದ ಬಗ್ಗೆ. ಅಲ್ಲಿ ಪ್ರಮಾಣಪತ್ರ ಕೊಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ತಾಯಂದಿರು ಅಳುತ್ತಾರೆ. ಆದರೆ ಚಿಕಿತ್ಸೆಯಲ್ಲಿರುವ ವ್ಯಕ್ತಿ ಮತ್ತೆ ಮಾದಕ ವಸ್ತು ಸೇವಿಸಿದ ದಿನ ನ್ಯಾಯಾಲಯ ಅವನನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದರ ಮೇಲೆಯೇ ಈ ಸೇವೆಯ ಬೆಲೆ ನಿಂತಿದೆ ಎಂದು ನಾನು ನಂಬುತ್ತೇನೆ. ವ್ಯಸನದಲ್ಲಿ ಮರುಕಳಿಕೆ ಅಪರೂಪದ ಸಂಗತಿಯಲ್ಲ, ಕಾಯಿಲೆಯ ಸ್ವಭಾವವೇ ಅದು. ಆ ದಿನಕ್ಕೆ ಸಿದ್ಧವಾಗಿರದ ನ್ಯಾಯಾಲಯ ಚಿಕಿತ್ಸೆಯ ಹೆಸರಿನಲ್ಲಿ ಶಿಕ್ಷೆಯನ್ನು ಮುಂದಕ್ಕೆ ಹಾಕುತ್ತದೆ, ಅಷ್ಟೆ.

ಕಾರ್ಯಕ್ರಮ ಹಲವು ಹಂತಗಳದ್ದು. ಒಟ್ಟು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಮೊದಲ ಹಂತದಲ್ಲಿ ಎರಡು ವಾರಕ್ಕೊಮ್ಮೆ ನ್ಯಾಯಾಧೀಶರ ಮುಂದೆ ಹಾಜರಾಗಬೇಕು, ವಾರದಲ್ಲಿ ಹಲವು ದಿನ ಗುಂಪು ಸಮಾಲೋಚನೆಗೆ ಹೋಗಬೇಕು, ಕರೆದಾಗಲೆಲ್ಲ ಮೂತ್ರ ಪರೀಕ್ಷೆ ಕೊಡಬೇಕು. ಪ್ರತಿ ವಿಚಾರಣೆಗೂ ಮುನ್ನ ನ್ಯಾಯಾಧೀಶರು, ಸರ್ಕಾರಿ ಅಭಿಯೋಜಕರು, ಆರೋಪಿಯ ವಕೀಲರು, ಪ್ರೊಬೇಷನ್ ಅಧಿಕಾರಿ (ಜೈಲಿನ ಹೊರಗಿರುವ ಆರೋಪಿಗಳ ಮೇಲೆ ನಿಗಾ ಇಡುವವರು) ಮತ್ತು ಕ್ಲಿನಿಕ್ಕಿನ ಪ್ರತಿನಿಧಿ ಒಟ್ಟಿಗೆ ಕೂತು ಒಬ್ಬೊಬ್ಬರ ಪ್ರಗತಿಯನ್ನೂ ಚರ್ಚಿಸುತ್ತಾರೆ. ಆ ಸಭೆಗೆ ಕುಟುಂಬದವರಿಗೆ ಪ್ರವೇಶವಿಲ್ಲ. ವಿಚಾರಣೆ ಮಾತ್ರ ಎಲ್ಲರೆದುರೇ ನಡೆಯುತ್ತದೆ, ಅದನ್ನು ನೋಡುವುದೇ ಒಂದು ಪಾಠ. ಒಬ್ಬ ಯುವತಿಯ ಹೆಸರು ಕೂಗಿದಾಗ ನ್ಯಾಯಾಧೀಶರು ಕಡತ ತೆರೆಯುವ ಮೊದಲೇ, “ಕಳೆದ ಸಲ ನಿಮ್ಮ ಮಗಳಿಗೆ ಜ್ವರ ಎಂದಿದ್ದಿರಿ, ಈಗ ಹೇಗಿದ್ದಾಳೆ?” ಎಂದು ಕೇಳಿದರು. ಆಕೆ ಉತ್ತರಿಸುವಷ್ಟು ಹೊತ್ತೂ ಅವರು ತಲೆಯೆತ್ತಿ ಆಕೆಯನ್ನೇ ನೋಡುತ್ತಿದ್ದರು. ನಂತರವೇ ತಪ್ಪಿಸಿಕೊಂಡ ಪರೀಕ್ಷೆಯ ಬಗ್ಗೆ ಕೇಳಿದ್ದು. ದೇಶದ 23 ಡ್ರಗ್ ಕೋರ್ಟ್‌ಗಳ ರೋಗಿಗಳನ್ನು ಸಾಮಾನ್ಯ ನ್ಯಾಯಾಲಯಗಳಿಗೆ ಹೋದವರ ಜೊತೆ ಹೋಲಿಸಿ 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಹದಿನೆಂಟು ತಿಂಗಳ ನಂತರ ಮಾಡಿದ ಎಂಜಲಿನ ಪರೀಕ್ಷೆಯಲ್ಲಿ ಮಾದಕ ವಸ್ತು ಕಂಡದ್ದು ಡ್ರಗ್ ಕೋರ್ಟಿನವರಲ್ಲಿ ಶೇ. 29, ಉಳಿದವರಲ್ಲಿ ಶೇ. 46. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣಗಳಲ್ಲಿ ಒಂದೆಂದು ಅದೇ ಅಧ್ಯಯನ ಗುರುತಿಸಿದ್ದು, ನ್ಯಾಯಾಧೀಶರು ತಮ್ಮನ್ನು ನ್ಯಾಯವಾಗಿ, ಗೌರವದಿಂದ ಕಂಡರು ಎಂಬ ರೋಗಿಗಳ ಭಾವನೆಯನ್ನು. ಆ ಸಭಾಂಗಣದಲ್ಲಿ ಕೂತವರಿಗೆ ಇದು ಆಶ್ಚರ್ಯವೆನಿಸುವುದಿಲ್ಲ.

ಮೂತ್ರ ಪರೀಕ್ಷೆಗೆ ಈ ಕೌಂಟಿ ಬಣ್ಣಗಳ ಪದ್ಧತಿ ಇಟ್ಟುಕೊಂಡಿದೆ. ಪ್ರತಿಯೊಬ್ಬರಿಗೂ ಒಂದು ಬಣ್ಣ ಕೊಟ್ಟಿರುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಸಂಖ್ಯೆಗೆ ಫೋನ್ ಮಾಡಿದರೆ ಆ ದಿನದ ಬಣ್ಣ ಯಾವುದೆಂದು ಧ್ವನಿಮುದ್ರಿತ ಸಂದೇಶ ತಿಳಿಸುತ್ತದೆ. “ಮಾವ, ಇವತ್ತು ನನ್ನ ಬಣ್ಣ ಬಂತು, ಕೆಲಸಕ್ಕೆ ತಡವಾಗುತ್ತದೆ” ಎಂದು ಅವನು ಫೋನ್ ಮಾಡಿದ ದಿನಗಳಿಗೆ ಲೆಕ್ಕವಿಲ್ಲ. ಮೂತ್ರ ಕೊಡುವಾಗ ಸಿಬ್ಬಂದಿಯೊಬ್ಬರು ಎದುರಿಗೇ ನಿಂತು ನೋಡುತ್ತಾರೆ. ಇದರ ಅವಮಾನವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಮಾದರಿಯಲ್ಲಿ ಮೋಸ ನಡೆಯದಂತೆ ತಡೆಯಲು ಇದಕ್ಕಿಂತ ನೆಚ್ಚಬಹುದಾದ ವಿಧಾನವಿಲ್ಲ ಎಂಬುದೂ ನಿಜ. ಮೊದಲ ಹಂತದ ತ್ವರಿತ ಪರೀಕ್ಷೆ ಕೆಲವೊಮ್ಮೆ ತಪ್ಪು ಫಲಿತಾಂಶ ಕೊಡುತ್ತದೆ. ಗಸಗಸೆ ತಿಂದವರ ಮೂತ್ರದಲ್ಲಿಯೂ ಮಾರ್ಫಿನ್ ಕಾಣಿಸಿಕೊಳ್ಳಬಹುದು. ಹಾಗಾಗಿ ಗಸಗಸೆ ತಿನ್ನುವುದಿಲ್ಲ ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳುತ್ತಾರೆ. ಫಲಿತಾಂಶವನ್ನು ರೋಗಿ ಒಪ್ಪದಿದ್ದರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಹೆಚ್ಚು ಖಚಿತವಾದ ವಿಧಾನದಿಂದ ದೃಢಪಡಿಸಿಕೊಳ್ಳುವ ಅವಕಾಶ ಇಲ್ಲಿದೆ, ಮತ್ತು ಅದನ್ನು ಕೇಳಿದವರನ್ನು ಸುಳ್ಳುಗಾರರಂತೆ ಕಾಣುವುದಿಲ್ಲ. ಇದು ಸಣ್ಣ ವಿಷಯವಲ್ಲ.

ಚಿಕಿತ್ಸೆ ಆರಂಭವಾಗಿ ಕೆಲವು ತಿಂಗಳಾದ ಮೇಲೆ ನಮ್ಮ ಹುಡುಗ ಮತ್ತೆ ಸೇವಿಸಿದ. ಪರೀಕ್ಷೆಗೆ ಕರೆ ಬರುವ ಮೊದಲೇ ಅವನು ತನ್ನ ಆಪ್ತಸಮಾಲೋಚಕರಿಗೆ ಹೇಳಿಕೊಂಡಿದ್ದ. ಮುಂದಿನ ವಿಚಾರಣೆಯಲ್ಲಿ ಅಭಿಯೋಜಕರು ಕೆಲವು ದಿನ ಜೈಲಿನಲ್ಲಿಡುವಂತೆ ಕೇಳಿದರು. ನ್ಯಾಯಾಧೀಶರು ಕ್ಲಿನಿಕ್ಕಿನವರ ಅಭಿಪ್ರಾಯ ಕೇಳಿ, ಜೈಲಿನ ಮಾತನ್ನು ಬದಿಗಿಟ್ಟು, ಚಿಕಿತ್ಸೆಯ ಮಟ್ಟವನ್ನು ಹೆಚ್ಚಿಸಿದರು. ಔಷಧದ ಪ್ರಮಾಣವನ್ನು ವೈದ್ಯರು ಮತ್ತೆ ಪರಿಶೀಲಿಸಬೇಕೆಂದು ಸೂಚಿಸಿದರು. “ನೀವು ನಿಜ ಹೇಳಿದ್ದೀರಿ, ಅದನ್ನು ನಾನು ದಾಖಲಿಸಿಕೊಳ್ಳುತ್ತೇನೆ” ಎಂದು ಅವನಿಗೆ ಕೇಳುವಂತೆ ಹೇಳಿದರು. ಇದನ್ನು ಕರುಣೆ ಎಂದು ಕರೆದರೆ ಅವರ ವಿವೇಕವನ್ನು ಕಡಿಮೆ ಮಾಡಿದಂತಾಗುತ್ತದೆ. ವಾಷಿಂಗ್ಟನ್ ರಾಜ್ಯದ ಕಾರಾಗೃಹಗಳಿಂದ ಬಿಡುಗಡೆಯಾದವರ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರು ಮಿತಿಮೀರಿದ ಸೇವನೆಯಿಂದ ಸಾಯುವ ಸಾಧ್ಯತೆ ಇತರರಿಗಿಂತ 129 ಪಟ್ಟು ಹೆಚ್ಚಿತ್ತು. ಒಳಗಿರುವ ದಿನಗಳಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ. ಹೊರಬಂದವನು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಮರುಕಳಿಕೆಗೆ ಉತ್ತರವಾಗಿ ಜೈಲನ್ನು ಬಳಸುವವರು ಈ ಅಂಕಿಯನ್ನು ಕಣ್ಣೆದುರು ಇಟ್ಟುಕೊಳ್ಳಬೇಕು.

ಔಷಧದ ವಿಷಯದಲ್ಲಿ ಅನುಭವ ಇಷ್ಟು ಒಳ್ಳೆಯದಾಗಿರಲಿಲ್ಲ. ಓಪಿಯಾಯ್ಡ್ ವ್ಯಸನಕ್ಕೆ ಮೆಥಡೋನ್, ಬ್ಯುಪ್ರೆನಾರ್ಫಿನ್, ನಾಲ್ಟ್ರೆಕ್ಸೋನ್ ಎಂಬ ಮೂರು ಔಷಧಗಳಿಗೆ ಮಾನ್ಯತೆಯಿದೆ. ಮೊದಲಿನ ಎರಡು ಸಾವಿನ ಪ್ರಮಾಣವನ್ನು ತಗ್ಗಿಸುತ್ತವೆ ಎಂಬುದಕ್ಕೆ ಗಟ್ಟಿಯಾದ ಆಧಾರವಿದೆ. ಹಾಗಿದ್ದೂ ಪ್ರೊಬೇಷನ್ ಅಧಿಕಾರಿಯೊಬ್ಬರು, ಕೊನೆಯ ಹಂತಕ್ಕೆ ಹೋಗಬೇಕಾದರೆ ಬ್ಯುಪ್ರೆನಾರ್ಫಿನ್ ನಿಲ್ಲಿಸಬೇಕು, ಒಂದು ಚಟ ಬಿಟ್ಟು ಇನ್ನೊಂದನ್ನು ಹಿಡಿದರೆ ಏನು ಬಂತು ಎಂದು ಅವನಿಗೆ ಹೇಳಿದರು. ವೈದ್ಯರು ಬರೆದುಕೊಟ್ಟ ಔಷಧವನ್ನು ನಿಲ್ಲಿಸುವಂತೆ ನ್ಯಾಯಾಲಯಗಳು ಒತ್ತಾಯಿಸಿದರೆ ಅದು ಅಂಗವಿಕಲರ ಹಕ್ಕುಗಳ ಕಾಯ್ದೆಯ ಉಲ್ಲಂಘನೆಯಾಗಬಹುದು ಎಂದು ಅಮೆರಿಕದ ನ್ಯಾಯ ಇಲಾಖೆ ಏಪ್ರಿಲ್ 2022ರಲ್ಲಿಯೇ ಮಾರ್ಗದರ್ಶಿ ಹೊರಡಿಸಿತ್ತು. ವಕೀಲರು ಅದನ್ನು ಮುಂದಿಟ್ಟ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಆದರೆ ವಕೀಲರಿಗೆ ಹೇಳದೆ ಅಧಿಕಾರಿಯ ಮಾತನ್ನು ನಂಬಿ ಔಷಧ ಬಿಟ್ಟವರು ಆ ಗುಂಪಿನಲ್ಲಿ ಇದ್ದಿರಬಹುದು ಎಂಬ ಯೋಚನೆ ನನ್ನನ್ನು ಈಗಲೂ ಬಿಟ್ಟಿಲ್ಲ.

ಮಾನಸಿಕ ಆರೋಗ್ಯದ ಭಾಗ ಈ ಸೇವೆಯ ನಿಜವಾದ ಕೊರತೆ. ವ್ಯಸನ ಚಿಕಿತ್ಸೆ ಬಂಧನವಾದ ಕೆಲವೇ ದಿನಗಳಲ್ಲಿ ಆರಂಭವಾಯಿತು; ಮನೋವೈದ್ಯರನ್ನು ಕಾಣಲು ಮಾತ್ರ ವಾರಗಟ್ಟಲೆ ಕಾಯಬೇಕಾಯಿತು. ಎರಡೂ ಒಂದೇ ಕಟ್ಟಡದಲ್ಲಿ ಇದ್ದರೂ ಕಡತಗಳು ಬೇರೆ, ಸಿಬ್ಬಂದಿ ಬೇರೆ. ಬೆಳಿಗ್ಗೆ ಹಾಸಿಗೆಯಿಂದ ಏಳಲಾರದೆ ಅವನು ಗುಂಪು ಸಮಾಲೋಚನೆ ತಪ್ಪಿಸಿದ ದಿನ, ಖಿನ್ನತೆಯ ಲಕ್ಷಣವನ್ನು ಶಿಸ್ತಿನ ಕೊರತೆ ಎಂದು ವರದಿಯಲ್ಲಿ ಬರೆದರು. ವ್ಯಸನ ಮತ್ತು ಮಾನಸಿಕ ಕಾಯಿಲೆ ಒಟ್ಟಿಗೆ ಇರುವ ಹಲವರು ಇಂಥ ನ್ಯಾಯಾಲಯಗಳಿಗೆ ಬರುವಾಗ, ಎರಡನ್ನೂ ಒಂದೇ ತಂಡ ನೋಡಿಕೊಳ್ಳಬೇಕೆಂಬುದು ಹೊಸ ಬೇಡಿಕೆಯೇನಲ್ಲ. ಮನೋವೈದ್ಯರು ಸಿಕ್ಕ ಮೇಲೆ ಅವರ ಚಿಕಿತ್ಸೆ ಚೆನ್ನಾಗಿಯೇ ಇತ್ತು. ಹೊಸ ಔಷಧ ಹಿಡಿಸಿದ ಮೇಲೆ ಅವನ ಹಾಜರಾತಿ ತಾನಾಗಿ ಸರಿಹೋಯಿತು. ಹಾಗಿರುವಾಗ ಅಷ್ಟು ವಾರ ಕಾಯಿಸಿದ್ದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಅಮೆರಿಕದ ಪೌರತ್ವ ಇಲ್ಲದವರ ಕುಟುಂಬಗಳು ಮುಂದಿನ ಮಾತನ್ನು ಗಮನವಿಟ್ಟು ಓದಬೇಕು. ಹಲವು ಡ್ರಗ್ ಕೋರ್ಟ್‌ಗಳು ಮೊದಲು ತಪ್ಪೊಪ್ಪಿಗೆ ಬರೆಸಿಕೊಂಡು, ಚಿಕಿತ್ಸೆ ಮುಗಿದ ಮೇಲೆ ಪ್ರಕರಣವನ್ನು ವಜಾ ಮಾಡುತ್ತವೆ. ಆದರೆ ತಪ್ಪೊಪ್ಪಿಕೊಂಡು ನ್ಯಾಯಾಲಯದ ನಿರ್ಬಂಧಕ್ಕೆ ಒಳಗಾದರೆ, ಪ್ರಕರಣ ಮುಂದೆ ವಜಾ ಆದರೂ ವಲಸೆ ಕಾನೂನಿನ ದೃಷ್ಟಿಯಲ್ಲಿ ಅದು ಶಿಕ್ಷೆಯ ತೀರ್ಪೇ ಆಗಿ ಉಳಿಯಬಹುದು. ಗ್ರೀನ್ ಕಾರ್ಡ್ ಇರುವವರಿಗೂ ಇದರಿಂದ ಗಡೀಪಾರಿನ ಅಪಾಯವಿದೆ. ತಪ್ಪೊಪ್ಪಿಗೆಯಿಂದ ಗಡೀಪಾರಾಗುವ ಅಪಾಯವಿದ್ದರೆ ಅದನ್ನು ಕಕ್ಷಿದಾರರಿಗೆ ತಿಳಿಸುವುದು ವಕೀಲರ ಕರ್ತವ್ಯವೆಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ ಪಡಿಲ್ಲಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ನಮ್ಮ ಹುಡುಗನ ವಕೀಲರು ಆ ಕರ್ತವ್ಯ ಮಾಡಿದರು; ತಪ್ಪೊಪ್ಪಿಗೆ ಇಲ್ಲದೆಯೇ ಕಾರ್ಯಕ್ರಮಕ್ಕೆ ಸೇರಲು ಅಭಿಯೋಜಕರನ್ನು ಒಪ್ಪಿಸಿದರು. ಎಲ್ಲ ಕೌಂಟಿಗಳಲ್ಲೂ ಇದಕ್ಕೆ ಅವಕಾಶ ಸಿಗುವುದಿಲ್ಲ. ಚಿಕಿತ್ಸೆ ಸಿಗುತ್ತದೆಂಬ ಆತುರದಲ್ಲಿ ವಲಸೆ ಕಾನೂನು ಬಲ್ಲವರನ್ನು ಕೇಳದೆ ಸಹಿ ಹಾಕಬೇಡಿ.

ಶುಲ್ಕವನ್ನು ಆದಾಯ ನೋಡಿ ನಿಗದಿ ಮಾಡುತ್ತಾರೆ, ಕಟ್ಟಲಾರದವರಿಗೆ ವಿನಾಯಿತಿಯೂ ಇದೆ. ಓಡಾಟ ಮಾತ್ರ ಕಷ್ಟ. ಕಾರಿಲ್ಲದವರಿಗೆ ಪರೀಕ್ಷೆ, ಗುಂಪು, ವಿಚಾರಣೆ ಮೂರನ್ನೂ ಹೊಂದಿಸಿಕೊಂಡು ಕೆಲಸ ಉಳಿಸಿಕೊಳ್ಳುವುದು ಬಹುತೇಕ ಅಸಾಧ್ಯ.

ಇಷ್ಟೆಲ್ಲ ಕೊರತೆಗಳನ್ನು ಕಂಡ ಮೇಲೂ, ಜೈಲು ಮತ್ತು ಈ ಕಾರ್ಯಕ್ರಮದ ನಡುವೆ ಆಯ್ಕೆಯಿದ್ದರೆ ನಾನು ಈ ಕೌಂಟಿಯ ನ್ಯಾಯಾಲಯವನ್ನೇ ಸೂಚಿಸುತ್ತೇನೆ, ಅದಕ್ಕೆ ಕಾರಣ ಆ ಮರುಕಳಿಕೆಯ ದಿನ. ಬೇರೆ ಕೌಂಟಿಯವರು ಸೇರುವ ಮೊದಲು ಒಂದು ದಿನ ಹೋಗಿ ವಿಚಾರಣೆ ನಡೆಯುವಾಗ ಹಿಂದಿನ ಸಾಲಿನಲ್ಲಿ ಕೂತು ನೋಡಿ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಿಗೆ ಏನಾಗುತ್ತದೆ, ಔಷಧ ತೆಗೆದುಕೊಳ್ಳುವವರಿಗೆ ಪ್ರಮಾಣಪತ್ರ ಸಿಗುತ್ತದೆಯೇ ಎಂದು ವಕೀಲರ ಮೂಲಕ ಕೇಳಿಸಿ. ಸೇರಿದ ಮೊದಲ ವಾರದಲ್ಲೇ ಮನೋವೈದ್ಯರ ಭೇಟಿಯ ದಿನಾಂಕವನ್ನು ಬರಹದಲ್ಲಿ ಪಡೆದುಕೊಳ್ಳಿ. ಓಪಿಯಾಯ್ಡ್‌ನ ಮಿತಿಮೀರಿದ ಸೇವನೆಯಿಂದ ಉಸಿರು ನಿಲ್ಲುತ್ತಿರುವವರನ್ನು ಉಳಿಸಬಲ್ಲ ನಲೋಕ್ಸೋನ್ ಮೂಗಿನ ಸ್ಪ್ರೇಯನ್ನು ಮನೆಯಲ್ಲಿ ಇಟ್ಟುಕೊಳ್ಳಿ. 2023ರಲ್ಲಿ ಅದನ್ನು ವೈದ್ಯರ ಚೀಟಿಯಿಲ್ಲದೆ ಮಾರಲು ಅನುಮತಿ ಸಿಕ್ಕಿದೆ, ಔಷಧದಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ; ಅದು ಎಲ್ಲಿದೆ, ಹೇಗೆ ಬಳಸಬೇಕು ಎಂಬುದು ಮನೆಯಲ್ಲಿರುವ ಎಲ್ಲ ದೊಡ್ಡವರಿಗೂ ಗೊತ್ತಿರಲಿ.