ಸೊಂಟ ನೋವಿಗೆ ಅಕ್ಯುಪಂಕ್ಚರ್: ಜರ್ಮನಿಯಲ್ಲಿ ಶುರು, ಹಾಸನದಲ್ಲಿ ಮುಂದುವರಿಕೆ

ಅಕ್ಯುಪಂಕ್ಚರ್, ಅಂದರೆ ಮೈಗೆ ಸಣ್ಣ ಸೂಜಿ ಚುಚ್ಚಿ ಮಾಡುವ ಚಿಕಿತ್ಸೆ, ನನ್ನ ಸೊಂಟ ನೋವು ತಗ್ಗಿಸಿತು, ರಾತ್ರಿ ನಿದ್ದೆ ಕೊಟ್ಟಿತು. ಸೊಂಟಕ್ಕೆ ಬಲ ಬಂದದ್ದು ಮಾತ್ರ ವ್ಯಾಯಾಮದಿಂದ. ಆದರೆ ಆ ಸೂಜಿಗಳು ಇಲ್ಲದಿದ್ದರೆ ವ್ಯಾಯಾಮಕ್ಕೆ ಚಾಪೆ ಹಾಸುವ ಧೈರ್ಯವೇ ನನಗೆ ಬರುತ್ತಿರಲಿಲ್ಲ. ಚಿಕ್ಕಮಗಳೂರಿಗೆ ವಾಪಸ್ ಬಂದಾಗಿನಿಂದ ನೆಂಟರು, ಅಕ್ಕಪಕ್ಕದವರು ಇದರ ಬಗ್ಗೆ ಕೇಳುತ್ತಲೇ ಇದ್ದಾರೆ. ತೋಟದ ಕೆಲಸದ ಊರು ನಮ್ಮದು, ಸೊಂಟ ನೋವಿಲ್ಲದ ಮನೆ ಕಮ್ಮಿ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಸ್ಟುಟ್‌ಗಾರ್ಟ್‌ನಲ್ಲಿ ಕೆಲಸಕ್ಕಿದ್ದಾಗ, ಚಳಿಗಾಲದಲ್ಲಿ ಮನೆ ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗಿ ಕಾಲು ಜಾರಿ ಬಿದ್ದೆ. ಮೂಳೆ ಮುರಿದಿರಲಿಲ್ಲ. ಸೊಂಟದ ಸ್ನಾಯುಗಳಿಗೆ ಪೆಟ್ಟು, ಒಂದು ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸ್ವಲ್ಪ ಉಬ್ಬಿದೆ ಅಂತ ಎಂಆರ್‌ಐನಲ್ಲಿ ಬಂತು. ಮಾತ್ರೆ ಆಯಿತು, ಫಿಸಿಯೋಥೆರಪಿ ಆಯಿತು. ಆದರೂ ಬಗ್ಗಿ ಸಾಕ್ಸ್ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಕೊನೆಗೆ ಮೂಳೆ ಡಾಕ್ಟರೇ ಅಕ್ಯುಪಂಕ್ಚರ್ ಮಾಡಿಸಿ ನೋಡಿ ಅಂದರು.

ಅಲ್ಲಿ ಅದಕ್ಕೆ ಕಟ್ಟುನಿಟ್ಟಿನ ನಿಯಮ ಇದೆ. 2007ರ ಜನವರಿಯಿಂದ ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆ ಎರಡೇ ತೊಂದರೆಗಳಿಗೆ ಇದರ ಖರ್ಚು ಕೊಡುತ್ತದೆ. ಒಂದು, ಆರು ತಿಂಗಳಾದರೂ ಹೋಗದ ಸೊಂಟ ನೋವು. ಇನ್ನೊಂದು, ಮಂಡಿ ಸವೆತದ ನೋವು. ಸಾಮಾನ್ಯವಾಗಿ 10 ಸಿಟ್ಟಿಂಗ್, ಡಾಕ್ಟರ್ ಕಾರಣ ಕೊಟ್ಟರೆ 15. ಒಂದೊಂದೂ ಕನಿಷ್ಠ 30 ನಿಮಿಷ. ಸೊಂಟಕ್ಕೆ 14ರಿಂದ 20 ಸೂಜಿ. ಚುಚ್ಚುವವರು ಅಕ್ಯುಪಂಕ್ಚರ್ ತರಬೇತಿ ಮುಗಿಸಿದ ವೈದ್ಯರೇ ಆಗಿರಬೇಕು. ಇಷ್ಟು ಲೆಕ್ಕ ಇಟ್ಟಿದ್ದಾರೆ ಅಂತ ಗೊತ್ತಾದ ಮೇಲೆಯೇ ನಾನು ಧೈರ್ಯ ಮಾಡಿದ್ದು.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವರು ಗಾಬರಿಯಾದರು. ‘ನರಕ್ಕೆ ಗಿರಕ್ಕೆ ಚುಚ್ಚಿದ್ರೆ ಏನ್ ಗತಿ? ಅಷ್ಟು ದೂರದಲ್ಲಿ ನೋಡ್ಕೊಳ್ಳೋರು ಯಾರಿದ್ದಾರೆ?’ ಅಂದರು. ಅವರು ಅಂದುಕೊಂಡದ್ದು ಇಂಜೆಕ್ಷನ್ ಸೂಜಿ. ಇದು ಬೇರೆ. ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ, ಒಳಗೆ ತೂತಿಲ್ಲ, ಔಷಧಿಯೂ ಇಲ್ಲ. ಪುಟ್ಟ ಪ್ಲಾಸ್ಟಿಕ್ ಕೊಳವೆಯನ್ನು ಚರ್ಮಕ್ಕೆ ಒತ್ತಿ ಹಿಡಿದು, ಅದರೊಳಗಿನ ಸೂಜಿಯ ತಲೆ ಮೇಲೆ ಬೆರಳಿನಿಂದ ಒಮ್ಮೆ ತಟ್ಟುತ್ತಾರೆ. ಚುಚ್ಚಿದ್ದು ಇರುವೆ ಕಚ್ಚಿದಷ್ಟೂ ಅನಿಸುವುದಿಲ್ಲ. ಆಮೇಲೆ ಸೂಜಿಯನ್ನು ಮೆಲ್ಲಗೆ ತಿರುಗಿಸುತ್ತಾರೆ. ಆಗ ಒಳಗೆ ಒಂಥರಾ ಭಾರ, ಮಂದವಾದ ಸೆಳೆತ ಶುರುವಾಗುತ್ತದೆ. ನನಗೆ ಸೊಂಟಕ್ಕಿಂತ ಜಾಸ್ತಿ ಗೊತ್ತಾಗುತ್ತಿದ್ದದ್ದು ಮಂಡಿ ಹಿಂಭಾಗದ ಮಡಿಕೆಯಲ್ಲಿ ಹಾಕುತ್ತಿದ್ದ ಸೂಜಿ. ಸೆಳೆತ ಮೀನಖಂಡದವರೆಗೂ ಇಳಿಯುತ್ತಿತ್ತು. ಬೋರಲು ಮಲಗಿ ಅರ್ಧ ಗಂಟೆ ಅಲುಗಾಡದೆ ಇರಬೇಕು. ಕೆಲವು ಸಲ ಮಾಕ್ಸಾ ಅಂತ ಒಣ ಎಲೆಯ ಕಡ್ಡಿ ಹಚ್ಚಿ ಸೊಂಟದ ಹತ್ತಿರ ಹಿಡಿದು ಕಾವು ಕೊಡುತ್ತಿದ್ದರು. ಆ ಗಿಡ ನಮ್ಮ ಗಣೇಶನ ಪೂಜೆಯ ಮಾಚಿಪತ್ರೆಯ ಜಾತಿಯದ್ದೇ. ಘಮ ಮೂಗಿಗೆ ಬಡಿದ ತಕ್ಷಣ ಊರು ನೆನಪಾಗಿಬಿಡುತ್ತಿತ್ತು.

ಮೊದಮೊದಲು ಏನೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಒಂದು ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರವಾಗದೆ ಬೆಳಗಾಯಿತು. ಮೊದಲಿಗೆ ಒಂದೆರಡು ದಿನಕ್ಕೆ ನೋವು ಮತ್ತೆ ಬರುತ್ತಿತ್ತು. ಬರಬರುತ್ತಾ ಆರಾಮ ವಾರ ಪೂರ್ತಿ ಉಳಿಯಿತು. ಕಾಲಿನ ಜೋಮು ಮಾತ್ರ ಸೂಜಿಗೆ ಬಗ್ಗಲೇ ಇಲ್ಲ. ಅದು ತಿಂಗಳುಗಟ್ಟಲೆ ವ್ಯಾಯಾಮ ಮಾಡಿದ ಮೇಲೆ ತಾನಾಗಿ ಕಮ್ಮಿಯಾಯಿತು.

ಇದೆಲ್ಲ ಬರೀ ನಂಬಿಕೆ ಅನ್ನುವವರಿಗೆ ನನ್ನ ಬಳಿ ಅರ್ಧ ಉತ್ತರ ಇದೆ. ಜರ್ಮನಿಯಲ್ಲಿ ಗೆರಾಕ್ ಅಂತ ದೊಡ್ಡ ಅಧ್ಯಯನ ಮಾಡಿದ್ದರು. ಸೊಂಟ ನೋವಿನ ಭಾಗದಲ್ಲಿ 1,162 ಜನ ಇದ್ದರು, ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಸರಿಯಾದ ಜಾಗಕ್ಕೆ ಸೂಜಿ ಹಾಕಿಸಿಕೊಂಡವರಲ್ಲಿ ಶೇ. 47.6ರಷ್ಟು ಜನರಿಗೆ ಗುಣ ಕಂಡಿತ್ತು. ಬೇಕೆಂದೇ ಬೇರೆ ಜಾಗಗಳಲ್ಲಿ, ಆಳಕ್ಕಿಳಿಸದೆ ಚುಚ್ಚಿಸಿಕೊಂಡವರಲ್ಲೂ ಶೇ. 44.2. ಮಾತ್ರೆ, ವ್ಯಾಯಾಮದ ಮಾಮೂಲಿ ಚಿಕಿತ್ಸೆಯವರಲ್ಲಿ ಶೇ. 27.4. ಅಂದರೆ ಉಪಯೋಗ ಇದೆ, ಆದರೆ ಯಾವ ಬಿಂದುವಿಗೆ ಚುಚ್ಚಿದರು ಅನ್ನುವುದು ಅಷ್ಟು ದೊಡ್ಡ ವಿಷಯ ಅಲ್ಲ ಅಂತ ಕಾಣುತ್ತೆ. ಯಾವ ಚಿಕಿತ್ಸೆ ಕೊಡಬೇಕು ಅಂತ ಡಾಕ್ಟರುಗಳಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯಂತೂ 2016ರ ಮಾರ್ಗಸೂಚಿಯಲ್ಲಿ ಸೊಂಟ ನೋವಿಗೆ ಇದನ್ನು ಕೊಡಬೇಡಿ ಅಂತಲೇ ಹೇಳಿದೆ. ಹಾಗಾಗಿ ‘ಗುಟ್ಟಿನ ಬಿಂದು ಗೊತ್ತಿದೆ, ಡಿಸ್ಕ್ ಒಳಗೆ ಕೂರಿಸುತ್ತೇವೆ’ ಅನ್ನುವವರನ್ನು ದಯವಿಟ್ಟು ನಂಬಬೇಡಿ.

ಊರಿಗೆ ಬಂದ ಮೇಲೆ ಮಳೆಗಾಲದಲ್ಲಿ ನೋವು ಮತ್ತೆ ಎದ್ದಿತು. ಮೊದಲು ಹೋದ ಒಂದು ಕಡೆ ನನ್ನ ರಿಪೋರ್ಟ್ ಕೈಗೆ ಕೊಟ್ಟರೂ ಬಿಚ್ಚಿ ನೋಡಲಿಲ್ಲ. ಸೂಜಿಗಳು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದವು. ಹೊಸ ಪ್ಯಾಕೆಟ್ ಬಿಚ್ಚಿ ಅಂದೆ, ಅವರು ಒಪ್ಪಲಿಲ್ಲ, ಎದ್ದು ಬಂದೆ. ಈಗ ಹೋಗುತ್ತಿರುವುದು ಹಾಸನದಲ್ಲಿ ಬಿಎನ್‌ವೈಎಸ್ ಓದಿದ ಡಾಕ್ಟರ್ ಹತ್ತಿರ. ಪ್ರಕೃತಿ ಚಿಕಿತ್ಸೆಯ ಈ ಐದೂವರೆ ವರ್ಷದ ಕೋರ್ಸಿನಲ್ಲಿ ಅಕ್ಯುಪಂಕ್ಚರನ್ನೂ ಕಲಿಸುತ್ತಾರೆ. ಚಾರ್ಮಾಡಿ ಇಳಿದರೆ ಸಿಗುವ ಉಜಿರೆಯಲ್ಲೇ ಅಂಥ ಕಾಲೇಜು 1989ರಿಂದ ಇದೆ. ನಮ್ಮ ಡಾಕ್ಟರ್ ಮೊದಲ ದಿನ ಸೂಜಿ ಮುಟ್ಟಲೇ ಇಲ್ಲ. ಎಂಆರ್‌ಐ ನೋಡಿದರು, ಕಾಲು ಎತ್ತಿಸಿದರು, ಬೆರಳಿನ ಮೇಲೆ ನಡೆಸಿದರು, ರಕ್ತ ತೆಳುವಾಗುವ ಮಾತ್ರೆ ತಗೋತೀರಾ ಅಂತ ಕೇಳಿದರು. ಅಮ್ಮನ ಭಯ ಹೋದದ್ದು ಅವತ್ತೇ.

ಚಿಕಿತ್ಸೆ ಎರಡೂ ಕಡೆ ಹೆಚ್ಚೂಕಮ್ಮಿ ಒಂದೇ. ಇಲ್ಲಿ ಸೂಜಿಗೆ ಸಣ್ಣ ಕ್ಲಿಪ್ ಸಿಕ್ಕಿಸಿ ಸ್ವಲ್ಪ ಕರೆಂಟ್ ಕೂಡ ಕೊಡುತ್ತಾರೆ, ಸ್ನಾಯು ಟಕ್ ಟಕ್ ಅಂತ ಕುಣಿಯುತ್ತದೆ. ಫೀಸು ಕೈಯಿಂದಲೇ ಹೋಗುತ್ತದೆ, ಆದರೆ ಹೊರೆಯೇನಲ್ಲ. ಕಷ್ಟ ಇರುವುದು ಪ್ರಯಾಣದಲ್ಲಿ. ಬೇಲೂರಿನ ಮೇಲೆ ಅರವತ್ತು ಕಿಲೋಮೀಟರ್ ಬಸ್ಸಿನಲ್ಲಿ ಕೂತು ಬಂದರೆ ಸಿಕ್ಕಿದ ಆರಾಮದಲ್ಲಿ ಅರ್ಧ ಹಂಪುಗಳಿಗೇ ಹೋಗುತ್ತದೆ. ನಾನೀಗ ಹಾಸನದಲ್ಲಿ ಚಿಕ್ಕಮ್ಮನ ಮನೆಯಲ್ಲಿ ರಾತ್ರಿ ಉಳಿದು ಮಾರನೇ ದಿನ ಹೊರಡುತ್ತೇನೆ. ಬಸ್ಸಿನಲ್ಲಿ ಹಿಂದಿನ ಸೀಟು ಬೇಡವೇ ಬೇಡ.

ಹೋಗುವವರು ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ಸುತ್ತುತ್ತದೆ. ಸಡಿಲ ಬಟ್ಟೆ ಹಾಕಿಕೊಳ್ಳಿ. ಬಸುರಿಯಾಗಿದ್ದರೆ ಮೊದಲೇ ಹೇಳಿ. ಬೆನ್ನಿನ ಮೇಲ್ಭಾಗಕ್ಕೆ, ಎದೆಗೆ ಹಾಕುವಾಗ ಅನುಭವ ಇಲ್ಲದವರು ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೆ ತಗಲುವ ಅಪಾಯ ಇದೆ, ಅಪರೂಪ ಆದರೂ ನಿಜ. ಇನ್ನು ಸೊಂಟ ನೋವಿನ ಜೊತೆ ಪಾದ ಎತ್ತಲು ಆಗುತ್ತಿಲ್ಲ, ಮೂತ್ರ ಹಿಡಿತ ತಪ್ಪಿದೆ, ತೊಡೆ ಸಂದಿಯಲ್ಲಿ ಸ್ಪರ್ಶವೇ ಗೊತ್ತಾಗುತ್ತಿಲ್ಲ ಅನ್ನುವವರು ಸೂಜಿ, ಎಣ್ಣೆ, ಪಟ್ಟು ಅಂತ ಎಲ್ಲೂ ನಿಲ್ಲಬೇಡಿ. ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ.